ಕೆಟ್ಟ ಕ್ಯಾಮೆರಾ ಯಾರ ಕೈಗೆ?

ಕ್ಯಾಮೆರಾ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬ ಬಗ್ಗೆ ಬಹಳಷ್ಟು ಮಂದಿ ಬರೆದಿದ್ದಾರೆ. ಅದು ಕೆಟ್ಟಾಗ ಜನ ಏನು ಮಾಡಿದರು ಎಂಬ ಬಗ್ಗೆ ಬರೆದವರು ವಿರಳ. ಮಧ್ಯಮ ವರ್ಗದ ಮನೆಯಲ್ಲಿ ಒಂದು ಯಂತ್ರ ಎಷ್ಟು ಕಾಲ ಬಾಳುತ್ತದೆ ಎಂಬುದು ಅದು ಮೊದಲ ಸಲ ಕೆಟ್ಟ ದಿನವೇ ತೀರ್ಮಾನವಾಗುತ್ತದೆ. ರಿಪೇರಿಗೆ 600 ರೂಪಾಯಿ ಕೇಳಿದರೆ ಅದು ಮತ್ತೆ ಮದುವೆ ಮನೆಗೆ ಹೋಗುತ್ತದೆ. 6,000 ಕೇಳಿದರೆ ಅಟ್ಟ ಸೇರುತ್ತದೆ. ಈ 600, 6,000 ಆದದ್ದು ಹೇಗೆ ಎಂಬುದು ಇಲ್ಲಿ ನಮ್ಮ ವಿಷಯ.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದರಲ್ಲಿ 100 ಚಿತ್ರ ತೆಗೆಯಬಹುದಿತ್ತು. ಫಿಲ್ಮ್ ಮುಗಿದ ಮೇಲೆ ಗ್ರಾಹಕನು ಇಡೀ ಕ್ಯಾಮೆರಾವನ್ನೇ ರೋಚೆಸ್ಟರಿನ ಕಾರ್ಖಾನೆಗೆ ಕಳುಹಿಸಬೇಕು. 10 ಡಾಲರ್ ಕೊಟ್ಟರೆ ಚಿತ್ರಗಳ ಜೊತೆಗೆ ಹೊಸ ಫಿಲ್ಮ್ ತುಂಬಿದ ಕ್ಯಾಮೆರಾ ಮರಳಿ ಬರುತ್ತಿತ್ತು. ಗುಂಡಿ ಒತ್ತುವುದಷ್ಟೇ ಗ್ರಾಹಕನ ಪಾಲು, ಡಬ್ಬಿಯ ಒಳಗೇನಿದೆ ಎಂದು ನೋಡುವುದು ಕಂಪೆನಿಯ ಪಾಲು. ವ್ಯಾಪಾರದ ಈ ಜಾಣತನ ಅಂದಿನಿಂದಲೂ ಇದೆ ಎಂಬುದನ್ನು ನಾವು ನೆನಪಿಡಬೇಕು.

ಆದರೆ ಅದು ಆಗ ಪೂರ್ತಿ ಗೆಲ್ಲಲಿಲ್ಲ. ಮುಂದಿನ ಸುಮಾರು ಒಂದು ಶತಮಾನ ಕ್ಯಾಮೆರಾ ಎಂದರೆ ಸ್ಪ್ರಿಂಗು, ಹಲ್ಲುಚಕ್ರ, ಲೆನ್ಸುಗಳ ಯಂತ್ರ. ಕೈಗಡಿಯಾರ ಬಿಚ್ಚಬಲ್ಲವನಿಗೆ ಅದನ್ನೂ ಬಿಚ್ಚುವ ಧೈರ್ಯವಿತ್ತು. 1976ರಿಂದ 1997ರವರೆಗೆ ತಯಾರಾದ ಪೆಂಟ್ಯಾಕ್ಸ್ ಕೆ1000ನ್ನೇ ನೋಡಿ. ಅದರ ಬ್ಯಾಟರಿ ಬೆಳಕನ್ನು ಅಳೆಯುವುದಕ್ಕೆ ಮಾತ್ರ. ಬ್ಯಾಟರಿ ತೆಗೆದಿಟ್ಟರೂ ಷಟರ್ ಕೆಲಸ ಮಾಡುತ್ತದೆ. ಭಾರತದಲ್ಲೇ ತಯಾರಾದ ಅಗ್ಫಾ ಕ್ಲಿಕ್ 3 ಇನ್ನೂ ಸರಳ. ಇಂಥವು ಕೆಟ್ಟರೆ ಬೇಕಾದದ್ದು ಸಣ್ಣ ಸ್ಕ್ರೂಡ್ರೈವರು, ಚಿಮಟ, ಅಂಟಿಕೊಂಡ ಎಣ್ಣೆ ತೊಳೆಯಲು ಸ್ವಲ್ಪ ಬೆಂಜಿನ್, ಮತ್ತೆ ತಾಳ್ಮೆ. ಹೊಸ ಭಾಗ ಸಿಗದಿದ್ದರೆ ಹಳೆಯದನ್ನು ಅರದಿಂದ ಉಜ್ಜಿ ಕೂರಿಸುತ್ತಿದ್ದರು.

1991ರ ಉದಾರೀಕರಣಕ್ಕೆ ಮುಂಚೆ ನಮ್ಮ ದೇಶದಲ್ಲಿ ವಿದೇಶಿ ಕ್ಯಾಮೆರಾ ತರಿಸುವುದು ಸುಲಭವಿರಲಿಲ್ಲ. ಆಮದಿಗೆ ನಿರ್ಬಂಧ, ಅದರ ಮೇಲೆ ದುಬಾರಿ ಸುಂಕ. ಹಾಗಾಗಿ ಇದ್ದದ್ದನ್ನು ಉಳಿಸಿಕೊಳ್ಳುವುದೇ ದಾರಿಯಾಗಿತ್ತು. ದಿಲ್ಲಿಯ ಚಾಂದನಿ ಚೌಕ, ಮುಂಬೈ ಕೋಟೆ ಪ್ರದೇಶದ ಬೋರಾ ಬಜಾರ್, ಕೋಲ್ಕತಾದ ಮೆಟ್ರೋ ಸಿನೆಮಾ ಪಕ್ಕದ ಗಲ್ಲಿ ಮೊದಲಾದೆಡೆ ಕ್ಯಾಮೆರಾ ವ್ಯಾಪಾರದ ಜೊತೆ ರಿಪೇರಿಯೂ ಬೆಳೆಯಿತು. ಇವರಿಗೆ ವಿದ್ಯೆ ಬಂದದ್ದು ಉಸ್ತಾದನ ಪಕ್ಕದಲ್ಲಿ ಕುಳಿತು. ನಮ್ಮ ಕೈಗಾರಿಕಾ ಚರಿತ್ರೆಯ ಪುಸ್ತಕಗಳು ಇವರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಕರಾವಳಿಯ ಕಥೆ ಸ್ವಲ್ಪ ಬೇರೆ. 1970ರ ದಶಕದಿಂದ ಗಲ್ಫ್‌ಗೆ ಹೋದವರು ರಜೆಯಲ್ಲಿ ಮರಳುವಾಗ ಅವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್, ಅತ್ತರಿನ ಸೀಸೆಗಳ ಜೊತೆ ಕ್ಯಾಮೆರಾವೂ ಇರುತ್ತಿತ್ತು. ಮೊದಲು ಯಾಶಿಕಾ, ಆಮೇಲೆ ಅಂಗೈಯಗಲದ ಡಿಜಿಟಲ್. ಊರಿನ ಹವೆ ಮಾತ್ರ ಕ್ಯಾಮೆರಾದ ವೈರಿ. ಜೂನ್ ತಿಂಗಳಿಂದ ಸುರಿಯುವ ಮಳೆಯಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿದು ಜೇಡರಬಲೆಯಂತೆ ಹರಡುತ್ತದೆ. ಇನ್ನು ಕಂಪೆನಿಯ ವಾರಂಟಿ ಹಲವು ಸಲ ಕೊಂಡ ದೇಶಕ್ಕಷ್ಟೇ ಸೀಮಿತ. ಕಾರ್ಡು ದುಬೈಯದು, ಕ್ಯಾಮೆರಾ ಕೆಟ್ಟದ್ದು ಭಟ್ಕಳದಲ್ಲಿ! ಅಂಥವರಿಗೆ ಉಳಿದದ್ದು ಪೇಟೆಯ ರಿಪೇರಿಯವನೇ.

ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ರಚಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೋ ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಅದು ಸಾಮಾನ್ಯರ ಜೇಬಿಗೆ ಇಳಿಯಲು ಕಾಲು ಶತಮಾನ ಬೇಕಾಯಿತು. ಇಳಿದಾಗ ರಿಪೇರಿಯ ಅರ್ಥವೇ ಬದಲಾಗಿತ್ತು. ಒಳಗೆ ಸೆನ್ಸರ್, ಮುಖ್ಯ ಬೋರ್ಡು, ಕಾಗದದಷ್ಟು ತೆಳುವಾದ ಕೇಬಲ್ಲುಗಳು. ಲೆನ್ಸನ್ನು ಹೊರಚಾಚುವ ಪ್ಲಾಸ್ಟಿಕ್ ಚಕ್ರಗಳಿಗೆ ಬೀಚಿನ ಒಂದು ಕಣ ಮರಳು ಸಾಕು. ಲೆನ್ಸು ಅರ್ಧಕ್ಕೆ ನಿಂತು ಕ್ಯಾಮೆರಾ ಕೀಚಲು ದನಿ ಹೊರಡಿಸಿ ಆರಿಹೋಗುತ್ತದೆ. ಕ್ಯಾನನ್ ಪವರ್‌ಶಾಟ್ ಮಾದರಿಗಳಲ್ಲಿ ಆಗ ಮೂಡುತ್ತಿದ್ದ 'ಇ18' ಎಂಬ ಸಂಕೇತ ಲೋಕಪ್ರಸಿದ್ಧವೇ ಆಗಿತ್ತು. ಜಾರಿದ್ದು ಒಂದು ಹಲ್ಲುಚಕ್ರವಾದರೂ ಸರ್ವೀಸ್ ಸೆಂಟರಿನಲ್ಲಿ ಇಡೀ ಲೆನ್ಸ್ ಘಟಕವನ್ನೇ ಬದಲಿಸುವುದು ಪದ್ಧತಿ. ಘಟಕದ ಬೆಲೆ, ಕೂಲಿ, ತೆರಿಗೆ ಎಲ್ಲ ಸೇರಿದರೆ ಹೊಸ ಕ್ಯಾಮೆರಾದ ಹತ್ತಿರಕ್ಕೆ ಬರುತ್ತದೆ. ಗ್ರಾಹಕ ಹೊಸದನ್ನೇ ಕೊಳ್ಳುತ್ತಾನೆ. ಇದನ್ನು ತಂತ್ರಜ್ಞಾನದ ಅನಿವಾರ್ಯತೆ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಹಲ್ಲುಚಕ್ರವನ್ನು ಬಿಡಿಯಾಗಿ ಮಾರದಿರುವುದು ಕಂಪೆನಿಯ ಆಯ್ಕೆ.

ಇದಕ್ಕೆ 2005ರ ಒಂದು ಪ್ರಸಂಗವನ್ನು ಹೋಲಿಸಬೇಕು. ಸೋನಿ ತಯಾರಿಸಿದ ಸಿಸಿಡಿ ಸೆನ್ಸರುಗಳಲ್ಲಿ ದೋಷವಿರುವುದು ಆ ವರ್ಷ ಬಯಲಾಯಿತು. ಬಿಸಿ ಮತ್ತು ತೇವದ ಹವೆಯಲ್ಲಿ ಸೆನ್ಸರಿನ ಒಳಗಿನ ತಂತಿಯ ಬೆಸುಗೆ ಬಿಡುತ್ತಿತ್ತು. ಚಿತ್ರ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ಗೆರೆಗೆರೆಯಾಗುತ್ತಿತ್ತು, ಇಲ್ಲವೇ ಪೂರ್ತಿ ಕಪ್ಪಾಗುತ್ತಿತ್ತು. ಆ ಸೆನ್ಸರನ್ನು ಕೊಂಡು ಬಳಸಿದ ಕ್ಯಾನನ್, ನಿಕಾನ್, ಫ್ಯೂಜಿ, ಕೊನಿಕಾ ಮಿನೋಲ್ಟಾ ಮುಂತಾದವರ ಹಲವು ಮಾದರಿಗಳೂ ಇದಕ್ಕೆ ತುತ್ತಾದವು. ವಾರಂಟಿ ಮುಗಿದಿದ್ದರೂ ಪುಕ್ಕಟೆ ರಿಪೇರಿ ಮಾಡಿಕೊಡುವುದಾಗಿ ಕಂಪೆನಿಗಳು ಪ್ರಕಟಿಸಿದವು. ಮನಸ್ಸು ಮಾಡಿದರೆ ಹಳೆಯ ಕ್ಯಾಮೆರಾಗಳನ್ನೂ ಸರಿಪಡಿಸಿ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ಪ್ರಕಟಣೆ ಮುಖ್ಯವಾಗಿ ಅಂತರ್ಜಾಲದಲ್ಲಿತ್ತು, ಇಂಗ್ಲಿಷಿನಲ್ಲಿತ್ತು. 2005ರಲ್ಲಿ ನಮ್ಮ ತಾಲೂಕು ಕೇಂದ್ರಗಳಲ್ಲಿ ಅದನ್ನು ಓದಬಲ್ಲವರು ಎಷ್ಟಿದ್ದರು? ಬಿಸಿ ಮತ್ತು ತೇವ ಎರಡೂ ಧಾರಾಳವಾಗಿರುವ ಊರುಗಳಿಗೆ ತಲುಪಬೇಕಾದ ಸುದ್ದಿ ಅದು.

ಮುಂದೆ ಬಾಗಿಲು ಇನ್ನಷ್ಟು ಕಿರಿದಾಯಿತು. 2012ರಲ್ಲಿ ನಿಕಾನ್ ಅಮೆರಿಕದ ಸ್ವತಂತ್ರ ರಿಪೇರಿ ಅಂಗಡಿಗಳಿಗೆ ಬಿಡಿಭಾಗ ಕೊಡುವುದನ್ನು ನಿಲ್ಲಿಸಿತು. 2020ರ ಮಾರ್ಚ್‌ನಲ್ಲಿ ಅಲ್ಲಿನ ಅಧಿಕೃತ ಖಾಸಗಿ ರಿಪೇರಿ ಕೇಂದ್ರಗಳೊಂದಿಗಿನ ಒಪ್ಪಂದವನ್ನೂ ಕೊನೆಗೊಳಿಸಿತು. ಅಷ್ಟರಲ್ಲಿ ಮೊಬೈಲ್ ಫೋನು ಸಣ್ಣ ಕ್ಯಾಮೆರಾದ ಮಾರುಕಟ್ಟೆಯನ್ನೇ ನುಂಗಿತ್ತು. 2010ರಲ್ಲಿ ಜಪಾನಿನ ತಯಾರಕರ ಸಂಘದ ಲೆಕ್ಕದಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ರವಾನೆಯಾಗಿದ್ದವು. 2023ರಲ್ಲಿ ಅದು 80 ಲಕ್ಷಕ್ಕೂ ಕೆಳಗೆ ಬಂತು. ಹಳೆಯ ಕ್ಯಾಮೆರಾ ರಿಪೇರಿಯವರು ಮೊಬೈಲ್ ಪರದೆ ಬದಲಿಸಲು ಕುಳಿತರು. ಮಕ್ಕಳಿಗೆ ಈ ಕಸುಬು ಕಲಿಸಲಿಲ್ಲ.

ಇದರ ವಿರುದ್ಧ ಎದ್ದ ದನಿಗೆ ಈಗ ಕಾನೂನಿನ ರೂಪವೂ ಸಿಗತೊಡಗಿದೆ. ನ್ಯೂಯಾರ್ಕ್ ರಾಜ್ಯದ ರಿಪೇರಿ ಹಕ್ಕಿನ ಕಾನೂನಿಗೆ 2022ರ ಡಿಸೆಂಬರ್‌ನಲ್ಲಿ ಅಂಕಿತ ಬಿತ್ತು. ಕ್ಯಾಲಿಫೋರ್ನಿಯಾದ ಕಾನೂನು 2024ರ ಜುಲೈಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ 100 ಡಾಲರ್ ಹಾಗೂ ಅದಕ್ಕಿಂತ ಹೆಚ್ಚಿನ ಬೆಲೆಯ ವಿದ್ಯುನ್ಮಾನ ಉಪಕರಣಗಳಿಗೆ ಬಿಡಿಭಾಗ, ಸಲಕರಣೆ, ಮಾಹಿತಿಯನ್ನು 7 ವರ್ಷ ಒದಗಿಸಬೇಕು. ನಮ್ಮ ಕೇಂದ್ರ ಸರಕಾರವು 2022ರ ಜುಲೈಯಲ್ಲಿ ಒಂದು ಸಮಿತಿ ರಚಿಸಿ, ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮಾಹಿತಿ ಕೊಡುವುದು ಒಳ್ಳೆಯದೇ. ಆದರೆ ಬಿಡಿಭಾಗ ಕೊಡಿ ಎಂದು ಕಂಪೆನಿಯನ್ನು ಕಟ್ಟಿಹಾಕುವ ಶಕ್ತಿ ಪೋರ್ಟಲಿಗೆ ಇರುವುದಿಲ್ಲ.

ವಿಚಿತ್ರವೆಂದರೆ ಆ ಕಾಲದ ಪುಟ್ಟ ಸಿಸಿಡಿ ಕ್ಯಾಮೆರಾಗಳನ್ನು ಈಗ ಕಾಲೇಜು ಹುಡುಗ ಹುಡುಗಿಯರು ಅಟ್ಟದಿಂದ ಇಳಿಸುತ್ತಿದ್ದಾರೆ. ಅದರ ಬಣ್ಣ ಫೋನಿನಲ್ಲಿ ಬರುವುದಿಲ್ಲವಂತೆ. ಪುಕ್ಕಟೆ ರಿಪೇರಿಯ ದಿನಗಳು ಮುಗಿದಿವೆ, ಆ ಮಾದರಿಗಳ ಹೊಸ ಬಿಡಿಭಾಗ ಸಿಗುವುದೂ ಅಪರೂಪ. ಕಡಿಮೆ ಖರ್ಚಿನ ದಾರಿ ಒಂದಿದೆ: ಅದೇ ಮಾದರಿಯ ಕೆಟ್ಟ ಕ್ಯಾಮೆರಾ ಇನ್ನೊಂದನ್ನು ಗುಜರಿಯಲ್ಲೋ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೋ ಹುಡುಕಿ, ಎರಡನ್ನೂ ಬಲ್ಲವರ ಮುಂದಿಟ್ಟು ಒಂದನ್ನು ಎಬ್ಬಿಸಿಕೊಳ್ಳುವುದು. ಬಿಚ್ಚುವ ಮೊದಲೇ ಖರ್ಚು ಎಷ್ಟಾದೀತೆಂದು ಕೇಳಿ ಬರೆಸಿಕೊಳ್ಳಬೇಕು. ಬ್ಯಾಟರಿ ಕಟ್ಟೆಯ ಹಸಿರು ಕಿಲುಬನ್ನು ಮನೆಯಲ್ಲೇ ಒರೆಸಬಹುದು, ಎಷ್ಟೋ ಕ್ಯಾಮೆರಾಗಳು ಅಷ್ಟಕ್ಕೇ ಎಚ್ಚರಗೊಳ್ಳುತ್ತವೆ. ಆದರೆ ಕವಚ ಬಿಚ್ಚಲು ಸ್ವತಃ ಕೈಹಾಕಬಾರದು. ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ. ಹಳೆಯ ರಿಪೇರಿಯವರು ಕ್ಯಾಮೆರಾ ಬಿಚ್ಚಿದೊಡನೆ ಮೊದಲು ಖಾಲಿ ಮಾಡುವುದು ಅದನ್ನೇ.