ಗಾವಠಾಣದಿಂದ ಹಳದಿ ಬಣ್ಣದವರೆಗೆ



ನಮ್ಮ ಕಾಕಾ ಒಬ್ಬರು ತಾಲೂಕಿನ ಪೇಟೆಯ ಅಂಚಿನಲ್ಲಿ ಎರಡು ಗುಂಟೆ ಜಾಗ ಹಿಡಿದು ತಗಡಿನ ಮನೆ ಹಾಕಿಕೊಂಡಿದ್ದರು. ಕೆಲವು ವರ್ಷಗಳಾದ ಮೇಲೆ ಪೇಟೆಯ ಕಚೇರಿಯಿಂದ ಒಂದು ನೋಟೀಸು ಬಂತು. ಕಾಕಾ ಮರಾಠಿಯನ್ನು ನೀರು ಕುಡಿದಂತೆ ಮಾತಾಡುವವರು. ಆದರೆ ಓದಿದ್ದು ಕನ್ನಡ ಶಾಲೆಯಲ್ಲಿ, ಅದೂ ನಾಲ್ಕನೆಯ ಇಯತ್ತೆವರೆಗೆ. ಅಕ್ಷರ ಕೂಡಿಸಿ ಓದುತ್ತ ‘ಆರಕ್ಷಣ’ ಎಂಬಲ್ಲಿಗೆ ಬಂದು ನಿಂತರು. “ಏನೋ ತಮ್ಮಾ, ನನ್ನ ಜಾಗಾ ಪೊಲೀಸರಿಗೆ ಕೊಟ್ಟಾರೇನು?” ಎಂದು ನನ್ನನ್ನು ಕೇಳಿದರು.

ಅವರದೇನೂ ತಪ್ಪಿಲ್ಲ. ಕನ್ನಡದಲ್ಲಿ ಆರಕ್ಷಕ ಎಂದರೆ ಪೊಲೀಸ. ಮರಾಠಿಯಲ್ಲಿ ಆರಕ್ಷಣ ಎಂದರೆ ಕಾದಿರಿಸುವುದು. ಕಾಕಾನ ಎರಡು ಗುಂಟೆಯನ್ನು ಪೇಟೆಯ ನಕಾಶೆಯಲ್ಲಿ ಆಟದ ಮೈದಾನಕ್ಕೆಂದು ಕಾದಿರಿಸಿದ್ದರು.

ಒಬ್ಬನ ನೆಲದ ಮೇಲೆ ಇನ್ನೊಬ್ಬರು ಬಣ್ಣ ಬಳಿಯುವ ಈ ಪದ್ಧತಿ ಎಲ್ಲಿಂದ ಬಂತು? ಇವತ್ತು ಆ ಕಥೆ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ಊರುಗಳಲ್ಲಿ ನೆಲಕ್ಕೆ ಎರಡೇ ಭೇದ. ಒಂದು ಮನೆಗಳಿರುವ ಜಾಗ, ಇನ್ನೊಂದು ಹೊಲ. ಮನೆಗಳಿರುವ ಜಾಗಕ್ಕೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಗಾವಠಾಣ ಎನ್ನುತ್ತೇವೆ. ಕರ್ನಾಟಕದವರು ಗ್ರಾಮಠಾಣ ಎನ್ನುತ್ತಾರೆ, ಆಂಧ್ರದವರಿಗೆ ಅದು ಗ್ರಾಮಕಂಠ, ಹೊಸೂರು ತಾಳವಾಡಿಯವರಿಗೆ ನತ್ತಂ. ಹೆಸರು ನಾಲ್ಕಾದರೂ ನೆಲ ಒಂದೇ ಬಗೆಯದು. 1836ರ ಹೊತ್ತಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ನಮ್ಮ ಪಕ್ಕದ ಇಂದಾಪುರದಿಂದ ಹೊಸ ಪಾಹಣಿ ಆರಂಭಿಸಿದರು. ಸರಪಳಿ ಹಿಡಿದು ಹೊಲ ಹೊಲ ಅಳೆದರು, ನಂಬರು ಕೊಟ್ಟರು, ಕಂದಾಯ ಕಟ್ಟಿದರು. ಊರು ಕುಳಿತ ಜಾಗವನ್ನು ಬೇರೆಯಾಗಿ ಗುರುತಿಸಿ ಹೊಲದ ಕಂದಾಯದಿಂದ ಬಿಟ್ಟರು. ಅಂದಿನಿಂದ ಊರಿನ ಸುತ್ತ ಕಾಗದದ ಮೇಲೆ ಒಂದು ಗೆರೆ ಬಿತ್ತು.

ಗೆರೆಯ ಒಳಗೂ ಪಾಲು ಇತ್ತು, ಇಲ್ಲವೆಂದಲ್ಲ. ಕುಂಬಾರ ಓಣಿ, ನೇಕಾರ ಓಣಿ, ಊರ ಹೊರಗಿನ ಕೇರಿ. ಯಾರು ಎಲ್ಲಿರಬೇಕೆಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು. ಹಳೆಯ ಕಾಲದಲ್ಲಿ ಕಟ್ಟಳೆಯೇ ಇರಲಿಲ್ಲ, ಎಲ್ಲ ಸುಸೂತ್ರವಾಗಿತ್ತು ಎನ್ನುವ ಹಿರಿಯರಿಗೆ ಈ ಮಾತನ್ನು ನೆನಪಿಸಬೇಕಾಗುತ್ತದೆ. ಕೇರಿಯವರಿಗೆ ಆಕ್ಷೇಪಣೆಯ ಅರ್ಜಿ ಕೊಡಲು ಯಾವ ಕಚೇರಿಯೂ ಇರಲಿಲ್ಲ.

1879ರ ಮುಂಬಯಿ ಕಂದಾಯ ಕಾಯದೆ ಇನ್ನೊಂದು ಗಂಟು ಹಾಕಿತು. ಹೊಲದಲ್ಲಿ ಬೆಳೆ ಬಿಟ್ಟು ಬೇರೇನಾದರೂ ಮಾಡುವುದಿದ್ದರೆ ಕಲೆಕ್ಟರನ ಅಪ್ಪಣೆ ಬೇಕೆಂದಿತು. ಇದೇ ನಾವು ‘ಎನ್.ಎ.’ ಎಂದು ಕರೆಯುವ ಬಿನ್‌ಶೇತಿ ಪದ್ಧತಿಯ ಮೂಲ. ಸರಕಾರಕ್ಕೆ ಬೇಕಾಗಿದ್ದದ್ದು ಊರಿನ ಅಂದಚಂದವಲ್ಲ, ಕಂದಾಯ. ಹೊಲಕ್ಕೊಂದು ದರ, ಅಂಗಡಿಗೊಂದು ದರ. 1966ರ ಮಹಾರಾಷ್ಟ್ರ ಕಾಯದೆಯಲ್ಲೂ ಅದೇ ಅಪ್ಪಣೆ ಮುಂದುವರಿಯಿತು. 2017ರ ಈಚೆಗೆ ಹಂತಹಂತವಾಗಿ ಸಡಿಲಾಗುತ್ತ ಬಂದಿದೆ.

ಇನ್ನು ಪೇಟೆಗಳ ಸಂಗತಿ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಇಲಿಗಳೊಡನೆ ಸತ್ತರು. 1898ರಲ್ಲಿ ಸರಕಾರ ನಗರ ಸುಧಾರಣೆಯ ಟ್ರಸ್ಟು ಸ್ಥಾಪಿಸಿತು. ಅದು ಇಕ್ಕಟ್ಟಿನ ಓಣಿಗಳನ್ನು ಒಡೆದು ಅಗಲವಾದ ರಸ್ತೆ ಹಾಕಿತು. 1915ರಲ್ಲಿ ಬಂದ ಮುಂಬಯಿ ನಗರರಚನಾ ಕಾಯದೆ ಹಿಂದುಸ್ತಾನದಲ್ಲೇ ಆ ಬಗೆಯ ಮೊದಲನೆಯದು. ಅದರ ಉಪಾಯ ಸರಳ. ಒಂದು ಭಾಗದ ಸೊಟ್ಟ ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆಗೆ ಜಾಗ ತೆಗೆದು, ಉಳಿದುದನ್ನು ನೇರ ಮಾಡಿ ಮಾಲಕರಿಗೇ ತಿರುಗಿ ಹಂಚುವುದು. ಎಲ್ಲರೂ ಸ್ವಲ್ಪ ಕಳೆದುಕೊಳ್ಳುತ್ತಾರೆ, ರಸ್ತೆ ಎಲ್ಲರಿಗೂ ಸಿಗುತ್ತದೆ. ನನಗೆ ಇಂದಿಗೂ ಇದು ಬಹಳ ನ್ಯಾಯದ ದಾರಿಯೆಂದು ಕಾಣುತ್ತದೆ. ಅಕ್ಕಲಕೋಟೆ, ಜತ್ತಗಳು ಆಗ ಸಂಸ್ಥಾನಗಳಾದ್ದರಿಂದ ಈ ಕಾಯದೆ ನೇರವಾಗಿ ಅಲ್ಲಿಗೆ ಬರಲಿಲ್ಲ. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆಯೇ ಮುಂಬಯಿಯ ಕಟ್ಟಳೆ ಬಂತು.

1954ರ ಕಾಯದೆಯು ಇಡೀ ಊರಿಗೆ ಒಂದು ವಿಕಾಸ ಆರಾಖಡಾ, ಅಂದರೆ ಅಭಿವೃದ್ಧಿ ನಕಾಶೆ ಮಾಡಬೇಕೆಂದು ಹೇಳಿತು. 1966ರ ಪ್ರಾದೇಶಿಕ ಮತ್ತು ನಗರರಚನಾ ಕಾಯದೆ ಅದನ್ನು ಇನ್ನಷ್ಟು ವಿಸ್ತರಿಸಿತು. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರಖಾನೆಗೆ ನೇರಳೆ, ತೋಟ ಮೈದಾನಗಳಿಗೆ ಹಸಿರು, ಹೀಗೆ ನಕಾಶೆಗೆ ಬಣ್ಣ ಬಂತು. ಆ ಬಣ್ಣದ ಪಟ್ಟಿಗೇ ಝೋನ್ ಎನ್ನುವುದು.

ಸೊಲ್ಲಾಪುರವನ್ನೇ ನೋಡಿ. 1877ರಲ್ಲಿ ಜೂನಿ ಗಿರಣಿ ಶುರುವಾದ ಮೇಲೆ ಊರು ಹೊಗೆಕೊಳವೆಗಳ ಸುತ್ತ ಬೆಳೆಯಿತು. ಚಾದರ ನೇಯುವವರ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡಿಗೆಮನೆ. ಅದು ವಾಸವೋ ಕಾರಖಾನೆಯೋ? ಹಳದಿಯೋ ನೇರಳೆಯೋ? ಅಕ್ಕಲಕೋಟೆ ರಸ್ತೆಯಲ್ಲಿ ಬೇರೆಯೇ ಔದ್ಯೋಗಿಕ ವಸಾಹತು ಆಯಿತು, ಹಲವರು ಯಂತ್ರಮಗ್ಗಗಳನ್ನು ಅಲ್ಲಿ ಹಾಕಿದರು. ಆದರೆ ಮನೆಯಲ್ಲೇ ನೇಯುವ ಬಡವನ ಬದುಕು ಒಂದೇ ಬಣ್ಣದಲ್ಲಿ ಹಿಡಿಯುವಂಥದಲ್ಲ. ಬಣ್ಣ ಹಾಕುವವರು ಒಮ್ಮೆ ಸಾಖರ ಪೇಟೆಯಲ್ಲಿ ನಡೆದಾಡಿ ಬಂದರೆ ತಿಳಿದೀತು.

ಈಗ ಕಾಕಾನ ಜಾಗಕ್ಕೆ ಬರೋಣ. 1947ರ ತುಕಡೇಬಂದಿ ಕಾಯದೆ ಹೊಲಗಳು ಚೂರುಚೂರಾಗಬಾರದೆಂದು ಬಂದದ್ದು. ಅದರಿಂದಾಗಿ ಒಂದೆರಡು ಗುಂಟೆಯ ಖರೇದಿ ರಜಿಸ್ಟರ ಆಗುವುದು ಕಠಿಣವಾಯಿತು. ಆದರೂ ಪೇಟೆಗೆ ಬಂದವನಿಗೆ ಮನೆ ಬೇಕಲ್ಲ! ನೂರು ರೂಪಾಯಿ ಬಾಂಡಿನ ಮೇಲೆ ಬರೆದುಕೊಡುವ ಗುಂಠೇವಾರಿ ವ್ಯವಹಾರ ಹಬ್ಬಿತು. ಸರಕಾರ 2001ರಲ್ಲಿ ಕಾಯದೆ ಮಾಡಿ ಅಂಥ ಪ್ಲಾಟುಗಳನ್ನು ನಿಯಮಿತಗೊಳಿಸಲು ದಾರಿ ತೆಗೆಯಿತು, 2021ರಲ್ಲಿ ಗಡುವನ್ನು 2020ರ ಕೊನೆಯವರೆಗೆ ಹಿಗ್ಗಿಸಿತು.

ಕಾಕಾನ ಹತ್ತಿರ ಇದ್ದದ್ದೂ ಅಂಥ ಬಾಂಡು. ಸಾತ್‌ಬಾರಾದಲ್ಲಿ ಮಾರಿದವನ ಹೆಸರೇ ಉಳಿದಿತ್ತು. ಕರಡು ನಕಾಶೆ ಪ್ರಕಟವಾದಾಗ ಹರಕತ, ಅಂದರೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತು. ಜಾಹೀರಾತು ಮರಾಠಿ ಪತ್ರಿಕೆಯಲ್ಲಿ ಬಂದಿತ್ತು, ಕಾಕಾ ಪತ್ರಿಕೆ ತರಿಸುತ್ತಿರಲಿಲ್ಲ. ಕಾದಿರಿಸಿದ ಜಾಗವನ್ನು ಅಂತಿಮ ನಕಾಶೆಯಾಗಿ 10 ವರ್ಷದೊಳಗೆ ಕೊಂಡುಕೊಳ್ಳದಿದ್ದರೆ ಮಾಲಕ ನೋಟೀಸು ಕೊಡಬಹುದು, 2015ರ ತಿದ್ದುಪಡಿಯಂತೆ ಆಮೇಲೆ 24 ತಿಂಗಳಲ್ಲೂ ಸರಕಾರ ಕ್ರಮ ಕೈಕೊಳ್ಳದಿದ್ದರೆ ಆರಕ್ಷಣ ತಾನೇ ಬಿದ್ದುಹೋಗುತ್ತದೆ. 1966ರ ಕಾಯದೆಯ 127ನೆಯ ಕಲಮು ಅದು. ಆದರೆ ನೋಟೀಸಿಗೆ ದಾಖಲೆ ಲಗತ್ತಿಸಬೇಕು. ಕಾಕಾ ಯಾವ ದಾಖಲೆ ಲಗತ್ತಿಸಬೇಕು?

“ಪ್ರತಿವರ್ಷ ಮನೆಪಟ್ಟಿ ತುಂಬೀನಿ” ಎಂದು ಅವರು ಪಾವತಿಗಳ ಕಟ್ಟು ಬಿಚ್ಚಿ ತೋರಿಸಿದರು. ಕಚೇರಿಯ ಗುಮಾಸ್ತ ಒಳ್ಳೆಯವ, ಕೂಡ್ರಿಸಿ ಹೇಳಿದ: ಮನೆಪಟ್ಟಿ ಕಟ್ಟಿಸಿಕೊಂಡ ಮಾತ್ರಕ್ಕೆ ಕಟ್ಟಡಕ್ಕೆ ಪರವಾನಗಿ ಕೊಟ್ಟಂತಲ್ಲ.

ಜಾಗ ಕೊಳ್ಳುವ ಮೊದಲೇ ಕಚೇರಿಗೆ ಹೋಗಿ ಎರಡು ಕಾಗದ ಕೇಳಬಹುದಾಗಿತ್ತು: ಝೋನ್ ದಾಖಲಾ ಮತ್ತು ಭಾಗ ನಕಾಶಾ. ಸರ್ವೇ ನಂಬರು ಹೇಳಿ ಅರ್ಜಿ ಕೊಟ್ಟು ಶುಲ್ಕ ತುಂಬಿದರೆ ಯಾರಿಗಾದರೂ ಕೊಡುತ್ತಾರೆ. ಆ ಎರಡು ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾಲ್ಕಕ್ಷರ ಹೆಚ್ಚು ಓದಿದ ನನಗೂ.

ಮೈದಾನ ಇನ್ನೂ ಆಗಿಲ್ಲ. ತಗಡಿನ ಮನೆ ಹಾಗೇ ಇದೆ. ಕಳೆದ ವರ್ಷ ಕಾಕಾನ ಮೊಮ್ಮಗ ಬೇರೆ ಕಡೆ ಪ್ಲಾಟು ನೋಡಿದ, ಭಾಗ ನಕಾಶಾ ತೆಗೆಸಿಕೊಂಡು ಬಂದ. ಕಾಕಾ ಚಷ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಹಳದೀನ ಐತಲ್ಲ?” ಎಂದು ಮತ್ತೆ ಮತ್ತೆ ಕೇಳಿ, ಬೆರಳಿನಿಂದ ಗಟ್ ನಂಬರನ್ನು ಮುಟ್ಟಿ ನೋಡಿದರು.