ಔಷಧಿ ಅಂಗಡಿಯ ಸೋಡ

ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕದ ಬಾಡಿಗೆ ಲೈಬ್ರರಿಯಿಂದ ದಿನಕ್ಕೆ ನಾಲ್ಕಾಣೆ ಕೊಟ್ಟು ಆರ್ಚಿ ಕಾಮಿಕ್ಸ್ ತರುತ್ತಿದ್ದೆವು. ಇಂಗ್ಲಿಷ್ ಅಷ್ಟಕ್ಕಷ್ಟೆ. ಓದುವುದಕ್ಕಿಂತ ಚಿತ್ರ ನೋಡಿದ್ದೇ ಹೆಚ್ಚು. ಅದರಲ್ಲಿ ಪಾಪ್ ಟೇಟ್ ಎಂಬ ದಪ್ಪ ಹೊಟ್ಟೆಯ ಅಂಗಡಿಯವನೊಬ್ಬನಿದ್ದ. ಅವನ ಕೌಂಟರಿನ ಮುಂದೆ ಗಿರ್ರನೆ ತಿರುಗುವ ಎತ್ತರದ ಸ್ಟೂಲುಗಳು, ಉದ್ದ ಲೋಟದಲ್ಲಿ ನೊರೆಯೇಳುವ ಪಾನೀಯ, ಒಂದೇ ಲೋಟಕ್ಕೆ ಎರಡು ಸ್ಟ್ರಾ. ನನಗೂ ನನ್ನ ಗೆಳತಿಯರಿಗೂ ಬೆರಗಾಗುತ್ತಿದ್ದುದು ಆ ಪಾನೀಯದ ಬಗ್ಗೆಯಲ್ಲ. ಹುಡುಗಿಯರು ತಾವಾಗಿಯೇ ಅಂಗಡಿಗೆ ಹೋಗಿ, ಎಲ್ಲರೆದುರು ಕುಳಿತು, ಗಂಟೆಗಟ್ಟಲೆ ಹರಟುತ್ತಾರಲ್ಲ ಎಂದು! ನಮಗೆ ಹೋಟೆಲೆಂದರೆ ಮಾಸಿದ ಪರದೆಯ ಹಿಂದಿನ ‘ಫ್ಯಾಮಿಲಿ ರೂಮ್’, ಅದೂ ವರ್ಷಕ್ಕೆ ಎರಡು ಸಲ, ಅಪ್ಪನ ಜೊತೆ.

ಅಂಥ ಸೋಡ ಕೌಂಟರುಗಳು ಅಮೆರಿಕದಲ್ಲಿ ಬಹುಪಾಲು ಇದ್ದದ್ದು ಔಷಧಿ ಅಂಗಡಿಗಳಲ್ಲಿ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕ್ರೋಸಿನ್ ಮಾರುವಲ್ಲಿ ಐಸ್‌ಕ್ರೀಮು ಯಾಕೆ? ಕಾರಣ ಹುಡುಕುತ್ತ ಹೋದರೆ 1767ಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್‌ಲೀ ಎಂಬ ಪಾದ್ರಿಯ ಮನೆಯ ಪಕ್ಕ ಬಿಯರ್ ತಯಾರಿಸುವ ಭಟ್ಟಿಯಿತ್ತು. ಹುದುಗುವ ಪೀಪಾಯಿಯ ಮೇಲೆ ನೀರಿನ ಪಾತ್ರೆ ತೂಗುಹಾಕಿ ಆತ ನೀರಿಗೆ ಗಾಳಿಯ ಗುಳ್ಳೆ ತುಂಬಿಸಿದ. ಭೂಮಿಯಿಂದ ತಾನಾಗಿ ಚಿಮ್ಮುವ ಖನಿಜ ಜಲದಲ್ಲಿ ಅಂಥದೇ ಗುಳ್ಳೆ ಇರುತ್ತಿತ್ತು. ವೈದ್ಯರು ಅದನ್ನು ಅಜೀರ್ಣಕ್ಕೆ, ವಾಯುವಿಗೆ ಕುಡಿಯಲು ಹೇಳುತ್ತಿದ್ದರು. ಹಾಗಾಗಿ ಗುಳ್ಳೆಯ ನೀರು ಹುಟ್ಟುತ್ತಲೇ ಔಷಧಿಯಾಗಿ ಹುಟ್ಟಿತು. 1806ರ ಸುಮಾರಿಗೆ ಯೇಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ಬೆಂಜಮಿನ್ ಸಿಲಿಮನ್ ನ್ಯೂಹೇವನ್ ಊರಿನಲ್ಲಿ ಇದನ್ನು ಮಾರತೊಡಗಿದರು. (ಮೇಷ್ಟರು ವ್ಯಾಪಾರಕ್ಕಿಳಿದರೆ ಏನಾಗಬೇಕೋ ಅದೇ ಆಯಿತು. ನ್ಯೂಯಾರ್ಕಿನಲ್ಲಿ ಅವರ ವ್ಯಾಪಾರ ಮುಳುಗಿತು.) 1832ರಲ್ಲಿ ನ್ಯೂಯಾರ್ಕಿಗೆ ಬಂದ ಜಾನ್ ಮ್ಯಾಥ್ಯೂಸ್ ಮಾತ್ರ ಗಟ್ಟಿಗ. ಅಮೃತಶಿಲೆಯ ಚೂರಿನ ಮೇಲೆ ಗಂಧಕಾಮ್ಲ ಸುರಿದು ಹೊರಟ ಅನಿಲವನ್ನು ನೀರಿಗೆ ತುಂಬುವ ಯಂತ್ರ ಅವನದು. ಸೇಂಟ್ ಪ್ಯಾಟ್ರಿಕ್ ಇಗರ್ಜಿ ಕಟ್ಟುವಾಗ ಮಿಕ್ಕ ಕಲ್ಲಿನ ಚೂರುಗಳನ್ನೆಲ್ಲ ಅವನೇ ಕೊಂಡನಂತೆ. ಗುಡಿ ಕಟ್ಟಿದ ಕಲ್ಲೇ ಜನರ ಹೊಟ್ಟೆಗೂ ಹೋಯಿತು.

ಆ ಕಾಲದ ಔಷಧಿ ಅಂಗಡಿಯವನು ಈಗಿನ ಹಾಗೆ ಸ್ಟ್ರಿಪ್ ಕತ್ತರಿಸಿಕೊಡುವವನಲ್ಲ. ನಮ್ಮ ಹಳೆಯ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರನ ಹಾಗೆ ಬೇರು, ಎಣ್ಣೆ, ಪಾಕ, ಪುಡಿ ಎಲ್ಲ ಅಳೆದು ಬೆರೆಸಿ ಮಿಕ್ಸ್ಚರು ಮಾಡುವವನು. ಕಹಿ ಮುಚ್ಚಲು ಸಿಹಿ ಪಾಕ ಹೇಗೂ ಅವನ ಬಳಿ ಇತ್ತು. ಅದನ್ನು ಸೋಡಕ್ಕೆ ಬೆರೆಸಲು ಎಷ್ಟು ಹೊತ್ತು ಬೇಕು? 1885ರಲ್ಲಿ ಟೆಕ್ಸಾಸಿನ ವೇಕೋ ಊರಿನ ಔಷಧಿ ಅಂಗಡಿಯಲ್ಲಿ ಚಾರ್ಲ್ಸ್ ಆಲ್ಡರ್ಟನ್ ‘ಡಾಕ್ಟರ್ ಪೆಪ್ಪರ್’ ಬೆರೆಸಿದ. ಮರುವರ್ಷ, 1886ರ ಮೇ ತಿಂಗಳಲ್ಲಿ, ಅಟ್ಲಾಂಟಾದ ಜೇಕಬ್ಸ್ ಫಾರ್ಮಸಿಯಲ್ಲಿ ಜಾನ್ ಪೆಂಬರ್ಟನ್ನನ ಹೊಸ ಪಾಕ ಲೋಟಕ್ಕೆ ಐದು ಸೆಂಟಿನಂತೆ ಮಾರಾಟಕ್ಕೆ ಬಂತು. ನರದೌರ್ಬಲ್ಯಕ್ಕೆ, ತಲೆನೋವಿಗೆ ಒಳ್ಳೆಯದೆಂದು ಹೇಳಿಕೊಂಡ ಅದು ಮೊದಲ ವರ್ಷ ದಿನಕ್ಕೆ ಒಂಬತ್ತು ಲೋಟ ಖರ್ಚಾದರೆ ಹೆಚ್ಚಾಗಿತ್ತು. ಅದರ ಹೆಸರು ಕೋಕಾಕೋಲ. ನಾರ್ತ್ ಕೆರೊಲಿನಾದ ಕೇಲೆಬ್ ಬ್ರಾಡಮ್ 1893ರಲ್ಲಿ ತನ್ನ ಔಷಧಿ ಅಂಗಡಿಯಲ್ಲಿ ಬೆರೆಸಿದ್ದಕ್ಕೆ 1898ರಲ್ಲಿ ಪೆಪ್ಸಿಕೋಲ ಎಂದು ಹೆಸರಿಟ್ಟ. ‘ಅದು ಕುಡಿದರೆ ಹೊಟ್ಟೆ ಕೆಡುತ್ತದೆ’ ಎಂದು ನಾವು ಮಕ್ಕಳನ್ನು ಗದರುವ ವಸ್ತುವೆಲ್ಲ ಹೊಟ್ಟೆ ಸರಿಮಾಡುತ್ತೇನೆಂದೇ ಬಂದದ್ದು.

ಹೆಂಗಸರ ಮಟ್ಟಿಗೆ ಇದರಿಂದ ಒಂದು ಉಪಕಾರವಾಯಿತು. ಆಗ ಊರಿನಲ್ಲಿ ಜನ ಸೇರುವ ಜಾಗವೆಂದರೆ ಹೆಂಡದಂಗಡಿ. ಮರ್ಯಾದಸ್ಥ ಹೆಂಗಸು ಅದರ ಬಾಗಿಲ ಮುಂದೆ ನಿಲ್ಲುವಂತಿರಲಿಲ್ಲ. ಔಷಧಿ ಅಂಗಡಿಗೆ ಹೋಗಲು ಯಾರ ಅಪ್ಪಣೆ ಬೇಕು? ಮಗುವಿಗೆ ಕೆಮ್ಮು ಎಂದರೆ ಸಾಕು. ಬಿಳಿ ಅಮೃತಶಿಲೆಯ ಕೌಂಟರು, ಹೊಳೆಯುವ ನಲ್ಲಿ, ಹಿಂದೆ ಕನ್ನಡಿ. ಪೇಟೆಗೆ ಬಂದವಳು ಹತ್ತು ನಿಮಿಷ ಕುಳಿತು ಒಂದು ಲೋಟ ಕುಡಿದು ಹೋದರೆ ಆಡಿಕೊಳ್ಳುವವರಿರಲಿಲ್ಲ. ಮದ್ಯದ ವಿರುದ್ಧ ಹೋರಾಡಿದ ಹೆಂಗಸರೂ ಸೋಡವನ್ನೇ ಮುಂದೊಡ್ಡಿದರು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಬಂದಾಗಂತೂ ಈ ಅಂಗಡಿಗಳಿಗೆ ಸುಗ್ಗಿ. (ಡಾಕ್ಟರ ಚೀಟಿ ತಂದವರಿಗೆ ವಿಸ್ಕಿ ಕೊಡಲು ಅದೇ ಅಂಗಡಿಯವರಿಗೆ ಕಾನೂನಿನಲ್ಲಿ ಅವಕಾಶವಿತ್ತು. ಚೀಟಿಗಳು ಹೇಗೆ ಹುಟ್ಟುತ್ತಿದ್ದವೆಂದು ಬಿಡಿಸಿ ಹೇಳಬೇಕಿಲ್ಲ.) 1922ರಲ್ಲಿ ವಾಲ್‌ಗ್ರೀನ್ಸ್ ಅಂಗಡಿಯ ಐವರ್ ಕೂಲ್ಸನ್ ಎಂಬಾತ ಹಾಲು, ಚಾಕೊಲೇಟು, ಮಾಲ್ಟ್ ಪುಡಿಗೆ ಐಸ್‌ಕ್ರೀಮನ್ನೂ ಹಾಕಿ ಕಡೆದದ್ದು ಕುಡಿಯಲು ಜನ ಸಾಲು ನಿಂತರು.

ಕೌಂಟರಿನ ಹಿಂದೆ ನಲ್ಲಿಯ ಹಿಡಿಕೆ ಜಗ್ಗುತ್ತಿದ್ದ ಬಿಳಿ ಟೋಪಿಯ ಹುಡುಗರಿಗೆ ‘ಸೋಡ ಜರ್ಕ್’ ಎಂದು ಹೆಸರು. ಅವರದೇ ಗುಟ್ಟಿನ ಭಾಷೆಯೊಂದಿತ್ತು. ಬರಿಯ ನೀರಿಗೆ ‘ಆಡಮ್ಸ್ ಏಲ್’, ಅಂದರೆ ಆದಿಪುರುಷನ ಬಿಯರು! ಹಾಲಿವುಡ್‌ನ ಲಾನಾ ಟರ್ನರ್ ಕೂಡ 1937ರ ಸುಮಾರಿಗೆ ಇಂಥ ಕಡೆ ಕೋಕ್ ಕುಡಿಯುತ್ತ ಕುಳಿತಿದ್ದಾಗಲೇ ಸಿನಿಮಾದವರ ಕಣ್ಣಿಗೆ ಬಿದ್ದಳು. ಅದು ಶ್ವಾಬ್ಸ್ ಔಷಧಿ ಅಂಗಡಿ ಎಂದು ಕತೆ ಹಬ್ಬಿತಾದರೂ ನಿಜವಾಗಿ ಅವಳ ಶಾಲೆಯೆದುರಿನ ಟಾಪ್ ಹ್ಯಾಟ್ ಎಂಬ ಕೆಫೆ. ಆ ಹೊತ್ತಿಗೆ ಅವಳು ಕ್ಲಾಸು ತಪ್ಪಿಸಿ ಬಂದಿದ್ದಳು. ಇದನ್ನು ನಾನು ನನ್ನ ವಿದ್ಯಾರ್ಥಿನಿಯರಿಗೆ ಹೇಳಿಲ್ಲ.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಕಿರ್ ಎನ್ನುತ್ತ ತಿರುಗುವ ತಂತಿಯ ಸ್ಟ್ಯಾಂಡು, ಅದರ ತುಂಬ ಕಾಮಿಕ್ಸ್. ಹತ್ತು ಸೆಂಟಿಗೊಂದು. 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಹಾರಿಬಂದ. ಅವನನ್ನು ಸೃಷ್ಟಿಸಿದ ಜೆರಿ ಸೀಗೆಲ್, ಜೋ ಶೂಸ್ಟರ್ ಎಂಬ ಹುಡುಗರಿಗೆ ಹಕ್ಕು ಬರೆದುಕೊಟ್ಟಿದ್ದಕ್ಕೆ ಸಿಕ್ಕಿದ್ದು 130 ಡಾಲರು. 2024ರಲ್ಲಿ ಆ ಸಂಚಿಕೆಯ ಒಂದೇ ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ಕಾಮಿಕ್ಸನ್ನು ನೆನೆದು ಬರೆಯುವ ಅಮೆರಿಕದ ಗಂಡಸರು ‘ನನ್ನಮ್ಮ ಎಲ್ಲ ಎಸೆದುಬಿಟ್ಟಳು’ ಎಂದು ಈಗಲೂ ಹಲುಬುತ್ತಾರೆ. ಮನೆ ಗುಡಿಸಿದವಳ ಮೇಲೇ ತಪ್ಪು! ಅಮ್ಮಂದಿರು ಎಸೆಯದೆ ಇದ್ದಿದ್ದರೆ ಅದಕ್ಕೆ ಅಷ್ಟು ಬೆಲೆಯೂ ಬರುತ್ತಿರಲಿಲ್ಲ ಎಂಬ ಲೆಕ್ಕ ಅವರಿಗೆ ಹೊಳೆಯುವುದಿಲ್ಲ.

ಈ ಸ್ಟ್ಯಾಂಡಿನ ಮೇಲೆ ಯುದ್ಧ ಸಾರಿದವನು ಫ್ರೆಡರಿಕ್ ವರ್ಥಮ್ ಎಂಬ ಮನೋವೈದ್ಯ. ಮಕ್ಕಳು ಪುಂಡರಾಗಲು ಕಾಮಿಕ್ಸೇ ಕಾರಣವೆಂದು 1954ರಲ್ಲಿ ಪುಸ್ತಕ ಬರೆದ. ಅದೇ ವರ್ಷ ಏಪ್ರಿಲ್ ಮತ್ತು ಜೂನ್ ತಿಂಗಳಲ್ಲಿ ಸೆನೆಟಿನ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡು ಮುಖಪುಟಕ್ಕೆ ಮುದ್ರೆ ಒತ್ತಿದರು. ವರ್ಥಮ್ ತನ್ನ ರೋಗಿಗಳ ಮಾತುಗಳನ್ನು ತಿರುಚಿ, ಒಬ್ಬರ ಮಾತನ್ನು ಇನ್ನೊಬ್ಬರದಕ್ಕೆ ಅಂಟಿಸಿ ಬರೆದಿದ್ದನೆಂದು 2012ರಲ್ಲಿ ಕ್ಯಾರಲ್ ಟಿಲ್ಲಿ ಎಂಬ ಅಧ್ಯಾಪಕಿ ಅವನ ಕಾಗದಪತ್ರ ಜಾಲಾಡಿ ತೋರಿಸಿದರು. ಕಾಮಿಕ್ಸ್ ಪ್ರಿಯರಿಗೆ ಅವನು ಇಂದಿಗೂ ಖಳನಾಯಕ.

ಆದರೆ ಮನುಷ್ಯ ಅಷ್ಟು ಸರಳವಲ್ಲ. ಇದೇ ವರ್ಥಮ್ 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಒಂದು ಇಗರ್ಜಿಯ ನೆಲಮಾಳಿಗೆಯಲ್ಲಿ, ಕಪ್ಪು ಜನರಿಗಾಗಿ ಲಫಾರ್ಗ್ ಚಿಕಿತ್ಸಾಲಯ ತೆರೆದಿದ್ದ. ಕೊಡಬಲ್ಲವರು 25 ಸೆಂಟು ಕೊಟ್ಟರಾಯಿತು. ಬಿಳಿಯ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಶಾಲೆ ಮಾಡುವುದು ಎಳೆಯ ಮನಸ್ಸಿಗೆ ಗಾಯ ಮಾಡುತ್ತದೆಂದು 1951ರಲ್ಲಿ ಡೆಲಾವೇರ್ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ. ಆ ಮೊಕದ್ದಮೆಯೂ ಸೇರಿದ ಬ್ರೌನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರತ್ಯೇಕ ಶಾಲೆಗಳು ತಪ್ಪೆಂದು ತೀರ್ಪು ಕೊಟ್ಟದ್ದು 1954ರ ಮೇ 17ರಂದು, ಕಾಮಿಕ್ಸಿನ ಎರಡು ವಿಚಾರಣೆಗಳ ನಡುವೆ.

ಅಲ್ಲಿಯವರೆಗೂ ನನ್ನ ಕಣ್ಣಿಗೆ ಬೀಳದ ಒಂದು ಸಂಗತಿ ಆಮೇಲೆ ಎದ್ದು ಕಾಣತೊಡಗಿತು. ನಾನು ನೋಡಿದ ಚಿತ್ರಗಳಲ್ಲಿ ಆ ಸ್ಟೂಲುಗಳ ಮೇಲೆ ಕುಳಿತವರೆಲ್ಲ ಬಿಳಿಯರು. ದಕ್ಷಿಣದ ರಾಜ್ಯಗಳಲ್ಲಷ್ಟೆ ಅಲ್ಲ, ಕಾನ್ಸಾಸ್‌ನಂಥ ಕಡೆಯೂ ಕಪ್ಪು ಗಿರಾಕಿಯಿಂದ ಔಷಧಿಗೆ, ಸೋಪಿಗೆ ಕಾಸು ತೆಗೆದುಕೊಳ್ಳುತ್ತಿದ್ದರು. ಸೋಡ ಬೇಕೆಂದರೆ ಕಾಗದದ ಲೋಟದಲ್ಲಿ ಕೊಟ್ಟು ಹೊರಗೆ ಹೋಗಿ ಕುಡಿಯಿರಿ ಎನ್ನುತ್ತಿದ್ದರು. ಸ್ಟೂಲಿನ ಮೇಲೆ ಕೂರುವಂತಿಲ್ಲ. 1958ರ ಜುಲೈಯಲ್ಲಿ ಕಾನ್ಸಾಸಿನ ವಿಚಿಟಾ ಊರಿನ ಡಾಕಮ್ ಔಷಧಿ ಅಂಗಡಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಮೂರು ವಾರಕ್ಕೂ ಹೆಚ್ಚು ಕಾಲ ಸುಮ್ಮನೆ ಬಂದು ಕೌಂಟರಿನಲ್ಲಿ ಕುಳಿತರು. ವ್ಯಾಪಾರ ಕೆಟ್ಟಿತು, ಅಂಗಡಿಯವರು ಸೋತರು.

ಆಗಸ್ಟ್ 19ರಂದು ಒಕ್ಲಹಾಮ ಸಿಟಿಯ ಕ್ಯಾಟ್ಜ್ ಔಷಧಿ ಅಂಗಡಿಗೆ ಹದಿಮೂರು ಮಕ್ಕಳು ಬಂದರು. ಕರೆತಂದವರು ಕ್ಲಾರಾ ಲೂಪರ್. 35 ವರ್ಷದ ಹೈಸ್ಕೂಲ್ ಟೀಚರು, ಪಾಠ ಮಾಡುತ್ತಿದ್ದದ್ದು ಚರಿತ್ರೆ. ಹಿಂದಿನ ವರ್ಷ ತಾವೇ ಬರೆದ ನಾಟಕವನ್ನು ಆಡಿಸಲು ಮಕ್ಕಳನ್ನು ನ್ಯೂಯಾರ್ಕಿಗೆ ಕರೆದೊಯ್ದಿದ್ದರು. ಹೋಗುವಾಗ ಉತ್ತರದ ದಾರಿ, ಎಲ್ಲರೊಡನೆ ಕುಳಿತು ತಿಂದರು. ಬರುವಾಗ ದಕ್ಷಿಣದ ದಾರಿ, ಅದೇ ಮಕ್ಕಳಿಗೆ ಬಾಗಿಲು ಮುಚ್ಚಿತು. ಊರಿಗೆ ಬಂದು ಹದಿನೈದು ತಿಂಗಳು ಮಾತುಕತೆಗೆ ಯತ್ನಿಸಿದರೂ ಅಂಗಡಿಯವರು ಜಗ್ಗಲಿಲ್ಲ. ಹೋಗಿ ಕುಳಿತುಬಿಡೋಣ ಎಂದು ಸೂಚಿಸಿದವಳು ಲೂಪರರ ಪುಟ್ಟ ಮಗಳು ಮೆರಿಲಿನ್. ಮಕ್ಕಳು ಕೇಳಿದ್ದು ಕೋಕಾಕೋಲ. ಕೊಡಲಿಲ್ಲ. ಸುತ್ತ ಬೈಗುಳ. ಮಕ್ಕಳು ಏಳಲಿಲ್ಲ. ಒಂದೂವರೆ ವರ್ಷದ ಮೇಲೆ, 1960ರ ಫೆಬ್ರವರಿ 1ರಂದು, ಗ್ರೀನ್ಸ್‌ಬರೋ ಊರಿನ ವುಲ್‌ವರ್ತ್ ಅಂಗಡಿಯಲ್ಲಿ ನಾಲ್ವರು ಕಾಲೇಜು ಹುಡುಗರು ಕುಳಿತದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಅವರಿಗಿಂತ ಮುಂಚಿನ ಈ ಟೀಚರಮ್ಮನ ಹೆಸರು ಅನೇಕ ಪುಸ್ತಕಗಳಲ್ಲಿ ಇಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನದೂ ಒಂದು ಸೋಡದ ನೆನಪಿದೆ. ಜಾತ್ರೆಯ ಬಿಸಿಲಲ್ಲಿ ಕುಡಿದ ಗೋಲಿಸೋಡ. ಕುಯ್ ಎಂದು ಗೋಲಿ ಒಳಗಿಳಿಯುವ ಸದ್ದು, ಮೂಗಿಗೇರುವ ಗ್ಯಾಸು. ಎಷ್ಟೋ ಸಲ ಸ್ಟಾಫ್ ರೂಮಿನಲ್ಲಿ ರಸವತ್ತಾಗಿ ಹೇಳಿದ್ದೇನೆ. ಹೇಳುವಾಗ ಒಂದನ್ನು ಬಿಟ್ಟು ಹೇಳುತ್ತಿದ್ದೆ, ಬೇಕೆಂದು ಬಿಟ್ಟದ್ದಲ್ಲ, ನೆನಪೇ ಅದನ್ನು ಬಿಟ್ಟುಕೊಂಡಿತ್ತು. ನನ್ನ ಜೊತೆ ನನ್ನದೇ ಕ್ಲಾಸಿನ ಹುಡುಗಿಯಿದ್ದಳು. ನಮ್ಮ ಹಿತ್ತಿಲ ಕೆಲಸಕ್ಕೆ ಬರುತ್ತಿದ್ದವಳ ಮಗಳು. ಅಂಗಡಿಯಾತ ನನ್ನ ಕೈಗೆ ಶೀಸೆ ಕೊಟ್ಟ. ಅವಳಿಗೆ, ಗೂಟಕ್ಕೆ ತೂಗಿದ್ದ ನೆಗ್ಗಿದ ಅಲ್ಯುಮಿನಿಯಂ ಲೋಟ ತೆಗೆದುಕೋ ಎಂದು ಕಣ್ಣಲ್ಲೇ ತೋರಿಸಿದ. ಅವಳು ‘ನಂಗೆ ಬಾಯಾರಿಕೆ ಇಲ್ಲ’ ಎಂದಳು. ನಾನು ನನ್ನ ಶೀಸೆ ಖಾಲಿ ಮಾಡಿದೆ. ಅಂಗಡಿ, ಹೋಟೆಲುಗಳಿಗೆ ಪ್ರವೇಶಿಸಲು ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದೆಂದು ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿದೆ. ಅಮೆರಿಕ ಅಂಥ ಕಾನೂನು ಮಾಡಿದ್ದು 1964ರಲ್ಲಿ. ಹದಿನಾಲ್ಕು ವರ್ಷ ನಾವು ಮುಂದಿದ್ದೆವು. ಲೋಟ ಮಾತ್ರ ಗೂಟದಲ್ಲೇ ಇತ್ತು.

ಅಲ್ಲಿನ ಸೋಡ ಕೌಂಟರುಗಳು ಮುಚ್ಚಿದ್ದಕ್ಕೆ ದೊಡ್ಡ ಕಾರಣಗಳೇನಿಲ್ಲ. ಬಾಟಲಿ, ಡಬ್ಬಿಯ ಸೋಡ ಮನೆಮನೆಗೂ ಬಂತು, ಜನ ಕಾರು ಕೊಂಡು ಊರಾಚೆ ಮನೆ ಮಾಡಿದರು, ತಾವೇ ಎತ್ತಿಕೊಳ್ಳುವ ಅಂಗಡಿ ಬಂದ ಮೇಲೆ ಕೌಂಟರಿನ ಹುಡುಗನ ಸಂಬಳ ದಂಡವೆನಿಸಿತು. ಕಾಮಿಕ್ಸ್ 1970ರ ದಶಕದಿಂದ ತನ್ನದೇ ಅಂಗಡಿಗಳಿಗೆ ಹೊರಟುಹೋಯಿತು. ಹಳಹಳಿಕೆ ಮಾತ್ರ ಅವು ಮುಚ್ಚುವ ಮೊದಲೇ ಶುರುವಾಗಿತ್ತು. 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಹಳೆಯ ಕಾಲದ ಪೇಟೆ ಬೀದಿ ಕಟ್ಟಿ, ಅದರಲ್ಲೊಂದು ಹಳೆಯ ಔಷಧಿ ಅಂಗಡಿಯನ್ನೂ ಇಟ್ಟರು. ಲೂಪರರ ಮಕ್ಕಳು ಸ್ಟೂಲು ಹತ್ತುವುದಕ್ಕೆ ಮೂರು ವರ್ಷ ಮುಂಚೆ!

ಕ್ಲಾರಾ ಲೂಪರರ ಕತೆಯನ್ನು ಒಂದು ಫ್ರೀ ಪೀರಿಯಡ್ಡಿನಲ್ಲಿ ಎಂಟನೆಯ ತರಗತಿಗೆ ಹೇಳಿದೆ. ಅವರನ್ನು ಒಟ್ಟು 26 ಸಲ ಬಂಧಿಸಿದ್ದು, ಊರಿನ ಉಳಿದ ಹೋಟೆಲುಗಳಿಗಾಗಿ 1964ರವರೆಗೂ ಹೋರಾಡಿದ್ದು, 2011ರಲ್ಲಿ ತೀರಿಕೊಂಡದ್ದು ಎಲ್ಲ ಹೇಳಿ ಬೋರ್ಡಿನ ಮೇಲೆ ಇಸವಿ ಬರೆದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮಿಸ್, ಆ ಮಕ್ಕಳಿಗೆ ಕೊನೆಗೂ ಕೋಕ್ ಕೊಟ್ರಾ?’ ಎಂದು ಕೇಳಿದಳು. ಕೊಟ್ಟರು ಎಂದೆ. ಕೆಲವೇ ದಿನಗಳಲ್ಲಿ ಕ್ಯಾಟ್ಜ್ ಕಂಪನಿ ಆ ಅಂಗಡಿಯಲ್ಲಷ್ಟೇ ಅಲ್ಲ, ಬೇರೆ ರಾಜ್ಯಗಳಲ್ಲಿದ್ದ ತನ್ನ ಅಂಗಡಿಗಳಲ್ಲೂ ಕೌಂಟರನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು ಎಂದೆ. ‘ಕೂತ್ಕೊಂಡೇ ಕುಡಿದ್ರಾ?’ ಎಂದಳು.