ಮನೆಯಂಗಳದ ಮಡಿಗಳು: ಅಹಮದಾಬಾದ್, ವಡೋದರಾ, ಸೂರತ್

ಅಂಗಳ, ಹಿತ್ತಲು ಅಥವಾ ತಾರಸಿಯಲ್ಲಿ ಸೊಪ್ಪು, ತರಕಾರಿ, ಹೂವು, ಮನೆಮದ್ದಿನ ಗಿಡಗಳನ್ನು ಬೆಳೆಸಲು ಹದಮಾಡಿಕೊಂಡ ನೆಲದ ತುಂಡನ್ನು ಕನ್ನಡದಲ್ಲಿ ಮಡಿ ಅಥವಾ ಪಾತಿ ಎನ್ನುತ್ತಾರೆ. ಗುಜರಾತಿನಲ್ಲಿ ಇದು ಕ್ಯಾರೋ. ಬಿಸಿಲೂರುಗಳಾದ ಅಹಮದಾಬಾದ್, ವಡೋದರಾ ಮತ್ತು ಸೂರತ್‌ಗಳಲ್ಲಿ ಈ ಮಡಿಯ ಇತಿಹಾಸವೆಂದರೆ ಬಹುಮಟ್ಟಿಗೆ ನೀರಿನ ಇತಿಹಾಸವೇ. ಮನೆಗೆ ನೀರು ಬಂದ ಬಗೆ ಬದಲಾದಾಗಲೆಲ್ಲ ಮಡಿಯ ಅಳತೆ, ಜಾಗ, ಅದರಲ್ಲಿ ಬೆಳೆಯುವ ಗಿಡ ಎಲ್ಲವೂ ಬದಲಾಗಿವೆ.

ಮೂರೂ ಊರುಗಳಲ್ಲಿ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಅಹಮದಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ., ವಡೋದರಾದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಸೂರತ್‌ನಲ್ಲಿ ಸುಮಾರು 1,200 ಮಿ.ಮೀ. ಅಹಮದಾಬಾದಿನ ಸುತ್ತಿನದು ಗೋರಾಡು ಎಂದು ಕರೆಯುವ ಮರಳುಮಿಶ್ರಿತ ಮೆಕ್ಕಲು ಮಣ್ಣು. ನೀರನ್ನು ಬೇಗ ಹೀರಿ ಬೇಗ ಒಣಗುತ್ತದೆ. ಸೂರತ್‌ನದು ಎರೆಮಣ್ಣು, ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಕಲ್ಲು. ವಡೋದರಾ ಇವೆರಡರ ನಡುವೆ ಇದೆ. ಸಮುದ್ರ ಹತ್ತಿರವಿರುವುದರಿಂದ ಸೂರತ್‌ನ ಬೇಸಿಗೆ ತುಸು ಮೆದು. ಅಹಮದಾಬಾದಿನಲ್ಲಿ ಮಾತ್ರ 2016ರ ಮೇ 20ರಂದು ತಾಪಮಾನ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು.

ಮನೆಯ ಮಡಿಯ ಬಗೆಗಿನ ಬರಹ ಭಾರತದಲ್ಲಿ ಹಳೆಯದು. ಗೃಹಿಣಿಯಾದವಳು ಮನೆಯ ಬಳಿ ಸೊಪ್ಪು, ಕಬ್ಬು, ಜೀರಿಗೆ, ಸಾಸಿವೆಗಳ ಪಾತಿ ಮಾಡಿ ಹೂಬಳ್ಳಿಗಳನ್ನೂ ಬೆಳೆಸಬೇಕೆಂದು ವಾತ್ಸ್ಯಾಯನ ಕಾಮಸೂತ್ರದಲ್ಲಿ ಹೇಳುತ್ತಾನೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ಕನ್ನಡದಲ್ಲಿ ಚಾವುಂಡರಾಯನ ಲೋಕೋಪಕಾರ (ಸು. 1025) ಇದೇ ವಿದ್ಯೆಯನ್ನು ಹೇಳುತ್ತದೆ. ಆದರೆ ಗುಜರಾತಿನ ನಗರದ ಮಡಿ ಗ್ರಂಥಗಳಿಗಿಂತ ಹೆಚ್ಚಾಗಿ ನೀರಿನ ಅಭಾವದಿಂದ ರೂಪುಗೊಂಡಿತು.

ಗುಜರಾತಿನ ಸುಲ್ತಾನ ಅಹಮದ್ ಶಾಹ 1411ರಲ್ಲಿ ಸಾಬರಮತಿಯ ದಂಡೆಯಲ್ಲಿ ಅಹಮದಾಬಾದನ್ನು ಸ್ಥಾಪಿಸಿದ. 1451ರಲ್ಲಿ ಮುಗಿದ ಕಾಂಕರಿಯಾ ಕೆರೆಯ ನಡುಗಡ್ಡೆಯಲ್ಲಿ ನಗೀನಾವಾಡಿ ಎಂಬ ಉದ್ಯಾನವಿತ್ತು. ಮುಂದೆ ಮೊಘಲ್ ಸೇನಾಪತಿ ಅಬ್ದುರ್ ರಹೀಂ ಖಾನ್‌ಖಾನಾನ್ ಸರ್ಖೇಜ್ ಬಳಿ ಫತೇಬಾಗ್ ಮಾಡಿಸಿದ; ರಾಜಕುಮಾರನಾಗಿದ್ದಾಗ ಷಾಜಹಾನ್ ಶಾಹಿಬಾಗ್ ಕಟ್ಟಿಸಿದ. ಇವು ಅರಸರ ತೋಟಗಳು. ಜನಸಾಮಾನ್ಯರ ಪಾಡು ತಿಳಿಯಬೇಕಾದರೆ 1618ರಲ್ಲಿ ಇಲ್ಲಿಗೆ ಬಂದ ಮೊಘಲ್ ದೊರೆ ಜಹಾಂಗೀರನ ಆತ್ಮಕಥನ ನೋಡಬೇಕು. ಧೂಳು, ಬಿಸಿಗಾಳಿ, ಮುಳ್ಳುಗಿಡಗಳಿಂದ ಬೇಸತ್ತು ಅವನು ಊರಿಗೆ ಗರ್ದಾಬಾದ್, ಅಂದರೆ ಧೂಳಿನ ಪಟ್ಟಣ, ಎಂದು ಹೆಸರಿಟ್ಟ. ಬಾವಿನೀರು ಕಹಿ, ಹೊರಗಿನ ಕೆರೆಗಳು ಅಗಸರ ಸಾಬೂನಿನಿಂದ ಕೆಟ್ಟಿವೆ, ಅನುಕೂಲಸ್ಥರು ಮಾತ್ರ ಮನೆಯೊಳಗೇ ಮಳೆನೀರಿನ ತೊಟ್ಟಿ ಮಾಡಿಕೊಂಡು ವರ್ಷವಿಡೀ ಅದನ್ನೇ ಕುಡಿಯುತ್ತಾರೆ ಎಂದು ಅವನು ಬರೆದಿದ್ದಾನೆ. ದೊರೆಗೆ ಊರು ಹಿಡಿಸಲಿಲ್ಲ. ಆದರೂ ಮನೆಗಳ ನೀರಿನ ವ್ಯವಸ್ಥೆಯನ್ನು ಅವನು ಸರಿಯಾಗಿಯೇ ಗಮನಿಸಿದ್ದ.

ಆ ತೊಟ್ಟಿಯೇ ಟಾಂಕಾ. ಹಳೆಯ ಊರಿನ ಪೋಳ್‌ಗಳಲ್ಲಿ, ಅಂದರೆ ಒಂದೇ ಹೆಬ್ಬಾಗಿಲಿನ ಒತ್ತು ಮನೆಗಳ ಕೇರಿಗಳಲ್ಲಿ, ನಡುಮನೆಯ ಚೌಕದ ಕೆಳಗೆ ಟಾಂಕಾ ಇರುತ್ತದೆ. ಮೊದಲ ಮಳೆಯನ್ನು ಹೊರಗೆ ಹರಿಯಬಿಟ್ಟು, ಮಾಡು ತೊಳೆದ ಮೇಲಿನ ನೀರನ್ನು ಕೊಳವೆಯಲ್ಲಿ ಒಳಗಿಳಿಸುತ್ತಿದ್ದರು. ಕುಡಿಯಲಿಕ್ಕೇ ಮೀಸಲಾದ ಈ ನೀರನ್ನು ಗಿಡಕ್ಕೆ ಧಾರಾಳವಾಗಿ ಸುರಿಯುವಂತಿರಲಿಲ್ಲ. ಹಾಗಾಗಿ ಪೋಳ್ ಮನೆಯ ತೋಟ ಚೌಕದೊಳಗಿನ ತುಳಸೀ ಕ್ಯಾರೋ ಮತ್ತು ನಾಲ್ಕಾರು ಕುಂಡಗಳಿಗೆ ಸೀಮಿತವಾಯಿತು. ನಮ್ಮ ತುಳಸೀಕಟ್ಟೆಯ ಹಾಗೆ ಇದೂ ಮನೆಯ ಮರ್ಯಾದೆಯ ಗುರುತು. ಝವೇರ್‌ಚಂದ್ ಮೇಘಾಣಿ ತಮ್ಮ ಒಂದು ಗುಜರಾತಿ ಕಾದಂಬರಿಗೆ ತುಳಸೀ ಕ್ಯಾರೋ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಸುತ್ತ ಎತ್ತರದ ಗೋಡೆಗಳಿರುವುದರಿಂದ ಚೌಕಕ್ಕೆ ಬಿಸಿಲು ಸ್ವಲ್ಪ ಹೊತ್ತು ಮಾತ್ರ ಬೀಳುತ್ತದೆ, ಬಿಸಿಗಾಳಿ ಒಳನುಗ್ಗುವುದಿಲ್ಲ. ಇಂದು ನೆರಳುಬಲೆ ಕಟ್ಟಿ ಮಾಡುವುದನ್ನು ಆ ಮನೆಗಳು ಗೋಡೆಗಳಿಂದಲೇ ಮಾಡಿದ್ದವು. 2017ರಲ್ಲಿ ಈ ಹಳೆಯ ನಗರ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೆತ್ತನೆಯ ಕಂಬಗಳ ಜೊತೆಗೆ ಚೌಕದ ಈ ಪುಟ್ಟ ಮಡಿಯನ್ನೂ ಪರಂಪರೆಯೆಂದೇ ಎಣಿಸಬೇಕು.

ಸೂರತ್‌ನ ದಾರಿ ಬೇರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮಲಿಕ್ ಗೋಪಿ ಕಟ್ಟಿಸಿದ ಗೋಪಿ ತಲಾವ್ ಮತ್ತು ತಾಪಿ ನದಿ ಊರಿನ ನೀರಿನ ಆಸರೆ. ಬಂದರಾಗಿದ್ದುದರಿಂದ ಇಲ್ಲಿ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಎಲ್ಲರೂ ಬಂದುಹೋದರು. ಮೆಣಸಿನಕಾಯಿ, ಪರಂಗಿ, ಸೀಬೆಯಂಥ ಅಮೆರಿಕದ ಗಿಡಗಳು ಇಂಥ ಪಶ್ಚಿಮ ಕರಾವಳಿಯ ಬಂದರುಗಳ ಮೂಲಕವೇ ಒಳನಾಡಿನ ಹಿತ್ತಲು ಸೇರಿದವು. ಆದರೂ ಸೂರತ್‌ನ ಹೆಸರು ನಿಂತಿರುವುದು ಪಾಪ್ಡಿಯ ಮೇಲೆ. ಇದು ನಮ್ಮ ಅವರೆಯ ಜಾತಿಯದೇ. ಕತಾರ್‌ಗಾಮ್‌ನ ಪಾಪ್ಡಿ ಬಹಳ ಪ್ರಸಿದ್ಧ. ಜನವರಿಯ ಉತ್ತರಾಯಣದ ದಿನ ಗುಜರಾತಿನ ಮನೆಮನೆಯಲ್ಲೂ ಮಾಡುವ ಉಂಧಿಯು ಎಂಬ ತರಕಾರಿ ಅಡುಗೆಗೆ ಪಾಪ್ಡಿ, ನೇರಳೆ ಗೆಣಸು, ಎಳೆ ಬದನೆ, ಹಸಿ ಬೆಳ್ಳುಳ್ಳಿ ಬೇಕೇ ಬೇಕು. ಮಾಗಡಿ ಅವರೆಗಾಗಿ ಕಾಯುವ ಬೆಂಗಳೂರಿಗರಿಗೆ ಈ ಕಾತರ ಅರ್ಥವಾದೀತು. ಕತಾರ್‌ಗಾಮ್ ಈಗ ವಜ್ರ ಉಜ್ಜುವ ಕಾರ್ಖಾನೆಗಳ ಬಡಾವಣೆ. ಪಾಪ್ಡಿಯ ನೆಲ ಕಟ್ಟಡಗಳ ಅಡಿ ಹೋದದ್ದು ಸೂರತ್‌ಗೆ ಆದ ದೊಡ್ಡ ನಷ್ಟ.

ವಡೋದರಾದಲ್ಲಿ ತೋಟಗಾರಿಕೆ ರಾಜ್ಯದ ಕೆಲಸವಾಯಿತು. ವಿಶ್ವಾಮಿತ್ರಿ ನದಿಯ ದಂಡೆಯ ಸಯಾಜಿಬಾಗ್ 1879ರದು. ಮೂರನೆಯ ಸಯಾಜಿರಾವ್ ಗಾಯಕವಾಡರು (ಆಳ್ವಿಕೆ 1875–1939) ಲಕ್ಷ್ಮೀವಿಲಾಸ ಅರಮನೆಯ ಉದ್ಯಾನಕ್ಕೆ ಇಂಗ್ಲೆಂಡಿನ ಉದ್ಯಾನ ವಿನ್ಯಾಸಕ ವಿಲಿಯಂ ಗೋಲ್ಡ್‌ರಿಂಗ್‌ರನ್ನು ಕರೆಸಿದರು. ಅಜ್ವಾ ಜಲಾಶಯದಿಂದ ಊರಿಗೆ ಕೊಳಾಯಿ ನೀರು ತಂದರು. 1893ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬರೋಡಾ ಸೇವೆಗೆ ಬಂದರು. ಬಿಸಿಲುನಾಡಿನ ತೋಟದ ಪಾಠವನ್ನು ಅವರು ಕಲಿತದ್ದು ಇಲ್ಲಿ, ಹದಿನೈದು ವರ್ಷ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗ್ ವಹಿಸಿಕೊಂಡರು. ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಒಂದಾದ ಮೇಲೊಂದು ಮರ ಹೂಬಿಡುವಂತೆ ಸಾಲುಮರಗಳನ್ನು ಯೋಜಿಸಿದವರು ಅವರೇ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ವಿನ್ಯಾಸದಲ್ಲೂ ಅವರ ಕೈಯಿದೆ. ಮುಂದೆ ಅಜ್ವಾ ಬಳಿಯ ನಿಮೇಟಾದಲ್ಲಿ ಉದ್ಯಾನ ಮಾಡಿದವರು ಬೃಂದಾವನವನ್ನೇ ಮಾದರಿಯಾಗಿ ಇಟ್ಟುಕೊಂಡರು. ಹೀಗೆ ಬರೋಡಾದಿಂದ ಕನ್ನಡನಾಡಿಗೆ ಬಂದ ವಿದ್ಯೆ ಮತ್ತೆ ಬರೋಡಾಕ್ಕೆ ಮರಳಿತು. ಬೆಂಗಳೂರಿನ ಹಸಿರಿನ ಚರಿತ್ರೆ ಬರೆಯುವವರು ಬರೋಡಾದ ಈ ಹದಿನೈದು ವರ್ಷಗಳಿಗೆ ಸಾಕಷ್ಟು ಜಾಗ ಕೊಟ್ಟಿಲ್ಲ.

ಅಹಮದಾಬಾದಿನಲ್ಲಿ 1892ರ ಎಲ್ಲಿಸ್ ಸೇತುವೆಯಿಂದ ನದಿಯ ಪಶ್ಚಿಮ ದಂಡೆ ತೆರೆದುಕೊಂಡಿತು. ಕೊಳಾಯಿ ನೀರೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಂತು. 1920ರ ದಶಕದಿಂದ ಅಲ್ಲಿ ಸಹಕಾರಿ ವಸತಿ ಸೊಸೈಟಿಗಳು ಎದ್ದವು. ಬಂಗಲೆಯ ಸುತ್ತ ನಾಲ್ಕೂ ಕಡೆ ಖಾಲಿ ಜಾಗ ಸಿಕ್ಕಿತು. ಚೌಕದ ಮಡಿ ಮನೆಯ ಹೊರಗೆ ಬಂದದ್ದು ಆಗ. ಮನೆಯ ಮುಂದೆ ಮೊಗರಾ ಮಲ್ಲಿಗೆ, ಮೆಂತ್ಯ, ಪತ್ರಾ ಎಂಬ ತಿಂಡಿ ಮಾಡಲು ಕೆಸುವಿನ ಎಲೆ, ಮೂಲಂಗಿಯ ಕಾಯಾದ ಮೋಗ್ರಿ, ಪಡುವಣಕ್ಕೆ ನುಗ್ಗೆ. 1942ರಿಂದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ, 1950ರಲ್ಲಿ ಭರೂಚ್‌ನವರಾದ ಕೇಂದ್ರ ಸಚಿವ ಕೆ. ಎಂ. ಮುನ್ಶಿಯವರ ವನಮಹೋತ್ಸವ ಈ ಒಲವಿಗೆ ಇಂಬು ಕೊಟ್ಟವು. ಶಾಹಿಬಾಗ್‌ನಲ್ಲಿ 1955ರ ವೇಳೆಗೆ ಮುಗಿದ ಮನೋರಮಾ ಸಾರಾಭಾಯಿ ಅವರ ಮನೆಯ ಮಾಡಿನ ಮೇಲೆಯೇ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಮಣ್ಣು ಹಾಕಿಸಿ ಹುಲ್ಲು ಬೆಳೆಸಿದರು. ಒಳಗೆ ತಂಪು, ಮೇಲೆ ತೋಟ.

ಇನ್ನು ಮಡಿಯ ಕಟ್ಟು. ಮಲೆನಾಡಿನಲ್ಲಿ ನೀರು ನಿಲ್ಲದಿರಲೆಂದು ಮಡಿಯನ್ನು ಏರಿಸುತ್ತೇವೆ. ಅಹಮದಾಬಾದಿನ ಕ್ಯಾರೋ ಇದಕ್ಕೆ ತದ್ವಿರುದ್ಧ: ನೆಲಮಟ್ಟಕ್ಕಿಂತ ತುಸು ತಗ್ಗು, ಸುತ್ತ ಗೇಣೆತ್ತರದ ಬದು, ಒಂದು ಮೂಲೆಯಲ್ಲಿ ನೀರು ಬಿಡಲು ಬಾಯಿ. ಎರಡೂ ಬದಿಯಿಂದ ಕೈಗೆ ಎಟುಕುವಂತೆ ನಾಲ್ಕಡಿಗಿಂತ ಹೆಚ್ಚು ಅಗಲ ಮಾಡುವುದಿಲ್ಲ. ತಗ್ಗಿನಲ್ಲಿ ಬಿಸಿಗಾಳಿ ಮಣ್ಣನ್ನು ಅಷ್ಟು ಬೇಗ ಒಣಗಿಸದು. ಬೋರ್‌ವೆಲ್‌ನ ಉಪ್ಪುನೀರು ಆವಿಯಾದಾಗ ಬಿಳಿಯ ಪೊರೆ ಕಟ್ಟುವುದು ಬದುವಿನ ನೆತ್ತಿಯಲ್ಲಿ. ತಗ್ಗಿನಲ್ಲಿರುವ ಬೇರಿನ ಸುತ್ತಲಿನ ಉಪ್ಪನ್ನು ನಿಲ್ಲಿಸಿದ ನೀರು ಕೆಳಕ್ಕೆ ಇಳಿಸುತ್ತದೆ. ಏರುಮಡಿಯಾದರೆ ಸಸಿಯನ್ನು ನೆತ್ತಿಯಲ್ಲಿ ನೆಡದೆ ಪಕ್ಕದ ಇಳಿಜಾರಿನಲ್ಲಿ ನೆಡುವುದು ಇದೇ ಕಾರಣಕ್ಕೆ. ಸೂರತ್‌ನ ಎರೆಮಣ್ಣಿಗೆ ಈ ತಗ್ಗು ಮಳೆಗಾಲದಲ್ಲಿ ಮಾರಕ. ಅಲ್ಲಿ ಏರುಮಡಿಯೇ ಸರಿ. ಗೊಬ್ಬರಕ್ಕೆ ಕೊಟ್ಟಿಗೆ ಗೊಬ್ಬರವೂ ಹರಳಿಂಡಿಯೂ ಒದಗುತ್ತವೆ. ಔಡಲ (ಹರಳು) ಬೆಳೆಯುವುದರಲ್ಲಿ ಗುಜರಾತೇ ದೇಶಕ್ಕೆ ಮೊದಲು. ಹೊದಿಕೆಗೆ ಒಣಹುಲ್ಲು, ಸೂರತ್ ಕಡೆ ಕಬ್ಬಿನ ರವದಿ.

ಇಲ್ಲಿನ ಮಡಿಯ ವರ್ಷ ಆರಂಭವಾಗುವುದು ಮಳೆಯಿಂದ. ಜೂನ್ ಕೊನೆಗೆ ಬೆಂಡೆ, ಗೋರಿಕಾಯಿ, ಹೀರೆ, ಸೋರೆ. ಅಕ್ಟೋಬರ್‌ನ ಎರಡನೆಯ ಬೇಸಿಗೆ ಇಳಿದ ಮೇಲೆ ಟೊಮೆಟೊ, ಎಲೆಕೋಸು, ಮೆಂತ್ಯ, ಕೊತ್ತಂಬರಿ, ಮೋಗ್ರಿ. ಇದೇ ಸುಗ್ಗಿಯ ಕಾಲ. ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗ ಬರಡಾಗಿ ಹೂ ಉದುರುತ್ತದೆ. ಏಪ್ರಿಲ್‌ನಲ್ಲಿ ನೀರು, ಗೊಬ್ಬರ ಎಷ್ಟು ಸುರಿದರೂ ಕಾಯಿ ಕಚ್ಚದು.

ಇಪ್ಪತ್ತೊಂದನೆಯ ಶತಮಾನದಲ್ಲಿ ನರ್ಮದೆಯ ಕಾಲುವೆ ನೀರು ಸಾಬರಮತಿಗೆ ಬಂದು ಅಹಮದಾಬಾದಿನ ನೀರಿನ ಬವಣೆ ಕಡಿಮೆಯಾಯಿತು. ಆದರೆ ಬೇಸಿಗೆಯಲ್ಲಿ ನದಿಯ ಮರಳಿನಲ್ಲಿ ಕಲ್ಲಂಗಡಿ, ತರಕಾರಿ ಬೆಳೆಯುತ್ತಿದ್ದವರ ಜಾಗ ನೀರಿನಡಿ ಮುಳುಗಿತು. ಬಂಗಲೆಗಳು ಹೋಗಿ ಬಹುಮಹಡಿ ಕಟ್ಟಡಗಳು ಬಂದಂತೆ ಮಡಿ ಮತ್ತೆ ಕುಂಡಕ್ಕೆ, ತಾರಸಿಗೆ ಹೋಗಿದೆ. 2010ರ ಮೇ ತಿಂಗಳ ಬಿಸಿಲಲೆಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಸಾವುಗಳಾದವು. 2013ರಲ್ಲಿ ನಗರ ತನ್ನದೇ ಬಿಸಿಲು ಕಾರ್ಯಯೋಜನೆ ತಂದಿತು. ಕಾಯುವ ಕಾಂಕ್ರೀಟಿನ ನಡುವೆ ನೆರಳಿನ ಬಳ್ಳಿ, ಹಸಿಯ ಮಣ್ಣು ಈಗ ಅಲಂಕಾರವಲ್ಲ, ಅಗತ್ಯ. ಹೊಸದಾಗಿ ಮಡಿ ಮಾಡುವವರು ಹುಲ್ಲುಹಾಸಿಗೆ ನೀರು ಸುರಿಯುವ ಬದಲು ಪಡುವಣ ದಿಕ್ಕಿಗೆ ಒಂದು ನುಗ್ಗೆ ನೆಟ್ಟು, ಅದರ ಮೂಡಣಕ್ಕೆ ತಗ್ಗಿನ ಕ್ಯಾರೋ ಮಾಡಿ, ಮೇ ತಿಂಗಳಲ್ಲಿ ಬೀಜ ಹಾಕದೆ ಮಣ್ಣಿಗೆ ಗೊಬ್ಬರ ಸೇರಿಸಿ ಹೊದಿಕೆ ಹೊದಿಸಿ ಮಳೆಗೆ ಕಾಯಲಿ.